ಹೊಟ್ಟೆ ಇಳಿಯಲಿ, ತೊಡೆ ಉಳಿಯಲಿ: ಫ್ಯಾಟಿ ಲಿವರ್ ಇರುವವರಿಗೆ ಒಬ್ಬ ಫಿಸಿಯೋ ಹೇಳುವ ದಾರಿ

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ 'ಫ್ಯಾಟಿ ಲಿವರ್ ಗ್ರೇಡ್ 1' ಅಂತ ಬಂದ ಮೇಲೆ ಬಹಳ ಜನ ಎರಡು ಕೆಲಸ ಮಾಡುತ್ತಾರೆ. ರಾತ್ರಿ ಊಟ ಬಿಡುತ್ತಾರೆ, ಬೆಳಗ್ಗೆ ವಾಕಿಂಗ್ ಹೊರಡುತ್ತಾರೆ. ಕೆಲವು ತಿಂಗಳಲ್ಲಿ ಐದಾರು ಕೆಜಿ ಇಳಿಯುತ್ತದೆ. ಮನೆಯವರಿಗೆ ಖುಷಿ, ಪಾರ್ಕಿನ ಗೆಳೆಯರಿಂದ ಶಹಬ್ಬಾಸ್. ಆಮೇಲೆ ಅವರಲ್ಲೇ ಕೆಲವರು ನನ್ನ ಹತ್ತಿರ ಬರುತ್ತಾರೆ. 'ಸಾರ್, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ತೊಡೆ ಸೋತು ಬರುತ್ತೆ' ಅನ್ನುತ್ತಾರೆ. ಟೇಪ್ ಹಿಡಿದು ನೋಡಿದರೆ ಹೊಟ್ಟೆ ಒಂದಿಂಚೂ ಇಳಿದಿರುವುದಿಲ್ಲ, ಮೀನಖಂಡ ಮಾತ್ರ ಸಣ್ಣಗಾಗಿರುತ್ತದೆ.

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಲಿವರ್‌ಗೆ ಔಷಧಿ ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ಡಾಕ್ಟರ್ ಇದ್ದಾರೆ. ಆದರೆ ಲಿವರ್‌ಗೂ ತೊಡೆಗೂ ಇರುವ ನಂಟು ದಿನಾ ನನ್ನ ಕಣ್ಣೆದುರಿಗೇ ಇರುತ್ತದೆ. ಅದನ್ನು ನೋಡಿ ನೋಡಿ, ಬಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ತೂಕ ಇಳಿಸುವ ಯೋಚನೆ ಆಮೇಲೆ, ಮೊದಲು ಸ್ನಾಯು ಉಳಿಸಿಕೊಳ್ಳಿ. ಯಾಕೆ, ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಲಿವರ್‌ಗೂ ಸ್ನಾಯುವಿಗೂ ಏನು ಸಂಬಂಧ?

ಊಟ ಮಾಡಿದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇನ್ಸುಲಿನ್ ಅದನ್ನು ರಕ್ತದಿಂದ ಒಳಗೆ ತಳ್ಳುತ್ತದೆ. ಹೀಗೆ ತಳ್ಳಿದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗುವುದು ಕೈಕಾಲಿನ ಸ್ನಾಯುಗಳಿಗೆ. ಸ್ನಾಯು ಅದನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಕಣಜದಲ್ಲಿ ರಾಗಿ ತುಂಬಿದ ಹಾಗೆ. ಕಣಜ ಚಿಕ್ಕದಾದರೆ ಅಥವಾ ವರ್ಷವಿಡೀ ಅದರಿಂದ ಒಂದು ಸೇರೂ ತೆಗೆಯದಿದ್ದರೆ ಹೊಸ ಫಸಲನ್ನು ಎಲ್ಲಿಡುವುದು? ಅದು ಲಿವರ್ ಕಡೆ ತಿರುಗುತ್ತದೆ. ಲಿವರ್ ಹೆಚ್ಚಾದ ಸಕ್ಕರೆಯನ್ನು ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಲಿವರ್‌ನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಜಾಸ್ತಿ ಕೋಶಗಳು ಕೊಬ್ಬು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಅನ್ನುತ್ತಾರೆ.

ಇದು ಒಂದು ಕಡೆಯ ದಾರಿ. ವಾಪಸ್ ಬರುವ ದಾರಿಯೂ ಇದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ, ಕಡಿಮೆ ಮಟ್ಟದ ಉರಿಯೂತ ಸದಾ ಇರುತ್ತದೆ. ಸ್ನಾಯು ಸವೆಯದ ಹಾಗೆ ಕಾಯುವುದರಲ್ಲಿ ಇನ್ಸುಲಿನ್‌ಗೂ ಪಾಲಿದೆ. ಸ್ನಾಯುವೂ ಅದರ ಮಾತು ಕೇಳದೆ ಹೋದಾಗ ಕಟ್ಟುವ ಕೆಲಸ ಕಡಿಮೆಯಾಗಿ ಒಡೆಯುವ ಕೆಲಸ ಜಾಸ್ತಿಯಾಗುತ್ತದೆ. ಜೊತೆಗೆ ಸ್ನಾಯುವಿನ ಎಳೆಗಳ ನಡುವೆಯೂ ಕೊಬ್ಬು ನುಗ್ಗುತ್ತದೆ. ನೋಡಲು ತೊಡೆ ದಪ್ಪಗೇ ಇರಬಹುದು, ಒಳಗೆ ಬಲ ಇರುವುದಿಲ್ಲ.

ಲಿವರ್ ಕಾಯಿಲೆ ಸಿರೋಸಿಸ್ ತನಕ, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವ ತನಕ ಹೋದವರಲ್ಲಿ ಇನ್ನೊಂದು ತಾಪತ್ರಯ ಸೇರಿಕೊಳ್ಳುತ್ತದೆ. ದೇಹದಲ್ಲಿ ಹುಟ್ಟುವ ಅಮೋನಿಯವನ್ನು ಯೂರಿಯ ಮಾಡಿ ಹೊರಹಾಕುವುದು ಲಿವರ್ ಕೆಲಸ. ಲಿವರ್‌ಗೆ ಆಗದಿದ್ದಾಗ ಆ ಹೊರೆಯನ್ನು ಸ್ನಾಯು ಹೊರುತ್ತದೆ. ಹೊತ್ತು ಹೊತ್ತು ಸ್ನಾಯುವೇ ಕರಗುತ್ತದೆ.

ಹೀಗೆ ಸ್ನಾಯುವೂ ಬಲವೂ ಕಡಿಮೆಯಾಗುವುದಕ್ಕೆ ಡಾಕ್ಟರುಗಳು ಸಾರ್ಕೋಪೀನಿಯ ಅನ್ನುತ್ತಾರೆ. ಕೊರಿಯಾದಲ್ಲಿ ಸಾವಿರಾರು ಜನರ ಆರೋಗ್ಯ ತಪಾಸಣೆಯ ಲೆಕ್ಕ ತೆಗೆದು ನೋಡಿದಾಗ, ಬೊಜ್ಜಿಲ್ಲದವರಲ್ಲೂ ಸ್ನಾಯು ಕಡಿಮೆ ಇದ್ದವರಿಗೆ ಫ್ಯಾಟಿ ಲಿವರ್ ಜಾಸ್ತಿ ಕಂಡಿತು. ವರ್ಷದಲ್ಲಿ ಸ್ನಾಯು ಹೆಚ್ಚಿಸಿಕೊಂಡವರಲ್ಲಿ ಫ್ಯಾಟಿ ಲಿವರ್ ಮಾಯವಾಗುವ ಸಾಧ್ಯತೆಯೂ ಹೆಚ್ಚಿತ್ತು. ಇಲ್ಲೊಂದು ಸೂಕ್ಷ್ಮ ಇದೆ. ದಪ್ಪ ಇರುವವರಲ್ಲಿ ಸ್ನಾಯು ಲೆಕ್ಕಕ್ಕೆ ಜಾಸ್ತಿಯೇ ಇರುತ್ತದೆ, ಅಷ್ಟು ಭಾರ ಹೊರಬೇಕಲ್ವಾ? ಆದರೆ ಅವರ ತೂಕಕ್ಕೆ ಹೋಲಿಸಿದರೆ ಅದು ಸಾಲದು. ಹಾಗಾಗಿ 'ನಂಗೆ ತೊಡೆ ದಪ್ಪ ಇದೆ' ಅಂತ ಸಮಾಧಾನ ಪಡಬೇಡಿ.

ಸಣ್ಣಗಿರುವವರೂ ಸಮಾಧಾನ ಪಡುವ ಹಾಗಿಲ್ಲ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾಕ್ಟರ್ ಜಾನ್ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಟಿಪ್ಪಣಿ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇಕಡ 9.1, ಯಾಜ್ಞಿಕ್‌ಗೆ ಶೇಕಡ 21.2. ಹೊರಗೆ ಸಣ್ಣ, ಒಳಗೆ ಕೊಬ್ಬು. ನಮ್ಮಲ್ಲಿ ಬಹಳ ಜನರ ಮೈಕಟ್ಟು ಇದೇ. ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ ಅಂತ ಮಕ್ಕಳು ಆಡಿಕೊಳ್ಳುವುದು ಸುಮ್ನೆ ಅಲ್ಲ.

ಮೊದಲು ಅಳೆಯಿರಿ

ತೂಕದ ಯಂತ್ರವನ್ನು ಸ್ವಲ್ಪ ದಿನ ಮಂಚದ ಕೆಳಗೆ ತಳ್ಳಿ. ಅದು ಕೊಬ್ಬು ಹೋಯಿತೋ ಸ್ನಾಯು ಹೋಯಿತೋ ಹೇಳುವುದಿಲ್ಲ. ಬೇಕಾಗಿರುವುದು ಟೈಲರ್ ಟೇಪ್, ಕೈ ಇಲ್ಲದ ಗಟ್ಟಿ ಕುರ್ಚಿ, ಮೊಬೈಲ್‌ನಲ್ಲಿರುವ ಸ್ಟಾಪ್‌ವಾಚ್.

ಹೊಟ್ಟೆಯ ಸುತ್ತಳತೆಯಿಂದ ಶುರು ಮಾಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ಮಧ್ಯದಲ್ಲಿ ಟೇಪ್ ಸುತ್ತಿ. ಉಸಿರು ಬಿಟ್ಟ ಮೇಲೆ ಓದಿಕೊಳ್ಳಿ, ಹೊಟ್ಟೆ ಒಳಗೆ ಎಳೆದುಕೊಂಡು ಅಲ್ಲ! ನಮ್ಮ ಗಂಡಸರನ್ನು ಕೇಳಿದರೆ ಪ್ಯಾಂಟ್ ಸೈಜ್ ಹೇಳುತ್ತಾರೆ. 'ಮೂವತ್ನಾಲ್ಕು ಸಾರ್, ಹತ್ತು ವರ್ಷದಿಂದ ಅಷ್ಟೇ.' ಪ್ಯಾಂಟ್ ಹೊಟ್ಟೆಯ ಕೆಳಗೆ ಜಾರಿ ಹತ್ತು ವರ್ಷ ಆಗಿರುತ್ತದೆ, ಅಷ್ಟೇ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ.

ಆಮೇಲೆ ಮೀನಖಂಡ. ಕುಳಿತು, ಪಾದ ನೆಲಕ್ಕೆ ಊರಿ, ಅತಿ ದಪ್ಪ ಇರುವ ಜಾಗದಲ್ಲಿ ಅಳೆಯಿರಿ. ಏಷ್ಯಾದ ತಜ್ಞರ ತಂಡ 2019ರಲ್ಲಿ ಹಾಕಿಕೊಟ್ಟ ಗೆರೆ ಹೀಗಿದೆ: ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಕಡಿಮೆ ಇರಬಹುದು ಅಂತ ಅನುಮಾನ ಪಡಬೇಕು. ಟೇಪ್ ಇಲ್ಲದಿದ್ದರೆ ಜಪಾನಿನವರ ಉಪಾಯ ಇದೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಿ ಮೀನಖಂಡಕ್ಕೆ ಹಾಕಿ. ಉಂಗುರದೊಳಗೆ ಜಾಗ ಉಳಿದರೆ ಎಚ್ಚರಿಕೆ. ಕಾಲು ಊದಿಕೊಂಡಿದ್ದರೆ ಈ ಎರಡು ಅಳತೆಗೂ ಅರ್ಥವಿಲ್ಲ. ಊತ ಯಾಕೆ ಬಂತು ಅಂತ ಡಾಕ್ಟರಿಗೆ ತೋರಿಸಬೇಕು.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಕುರ್ಚಿ ಪರೀಕ್ಷೆಯ ಮೇಲೆ. ಕುರ್ಚಿಯ ಬೆನ್ನನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಂತು ಪೂರ್ತಿ ಕೂರುವುದು, ಐದು ಸಲ, ಆದಷ್ಟು ಬೇಗ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಸಾಲದು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ತಲೆ ತಿರುಗಬಹುದು. ಕೈ ಊರದೆ ಏಳಲು ಆಗಲೇ ಇಲ್ಲ ಅಂದರೆ ಸೆಕೆಂಡ್ ಎಣಿಸುವ ಅಗತ್ಯವೇ ಇಲ್ಲ, ಉತ್ತರ ಸಿಕ್ಕಿತು.

ನಡಿಗೆಯನ್ನೂ ನೋಡಬಹುದು. ಹಜಾರದಲ್ಲಿ 6 ಮೀಟರ್ ಗುರುತು ಹಾಕಿ ಮಾಮೂಲಿ ವೇಗದಲ್ಲಿ ನಡೆಯಿರಿ. 6 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ನಿಧಾನ. ಕೈಹಿಡಿತ ಅಳೆಯುವ ಯಂತ್ರ ಫಿಸಿಯೋಗಳ ಹತ್ತಿರ ಇರುತ್ತದೆ. ಗಂಡಸರು 28 ಕೆಜಿ, ಹೆಂಗಸರು 18 ಕೆಜಿಗಿಂತ ಕಡಿಮೆ ಹಿಂಡಿದರೆ ಬಲ ಕಡಿಮೆ. ಜಿಮ್‌ನಲ್ಲಿ ನಿಂತರೆ ಕೊಬ್ಬು, ಸ್ನಾಯು ಎಲ್ಲ ಪ್ರಿಂಟ್ ಹಾಕಿ ಕೊಡುವ ಯಂತ್ರಗಳನ್ನು ಒಂದೇ ಸಲ ನೋಡಿ ನಂಬಬೇಡಿ. ಆ ದಿನ ನೀರು ಎಷ್ಟು ಕುಡಿದಿರಿ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ನೋಡುವುದಾದರೆ ಅದೇ ಯಂತ್ರ, ಅದೇ ಹೊತ್ತು.

ಲಿವರ್ ಕಡೆಯ ಲೆಕ್ಕವೂ ಒಂದು ಗೊತ್ತಿರಲಿ. ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದು ಕೊಬ್ಬು ಎಷ್ಟು ಅಂತ. ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಅಲ್ಲ. ಮುಂದಿನ ಅಪಾಯ ಇರುವುದು ಗಟ್ಟಿಯಾಗುವುದರಲ್ಲಿ. ಅದಕ್ಕೆ ಫಿಬ್-4 ಅನ್ನುವ ಸರಳ ಲೆಕ್ಕ ಇದೆ. ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ (ಲಿವರ್ ಪರೀಕ್ಷೆಯಲ್ಲಿ ನೋಡುವ ಎರಡು ಕಿಣ್ವಗಳು), ಪ್ಲೇಟ್‌ಲೆಟ್ ಮೂರೂ ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಸಿಗುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಒಂದು ಕಡೆ ಬರೆದಿಡಿ. ಪ್ಲೇಟ್‌ಲೆಟ್ ಎಷ್ಟು ಸಾವಿರ ಅನ್ನುವುದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ವಯಸ್ಸು 50, ಎಸ್‌ಜಿಒಟಿ 36, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಅಂದುಕೊಳ್ಳಿ. 50 ಗುಣಿಸು 36 ಅಂದರೆ 1800. 64ರ ವರ್ಗಮೂಲ 8, 250 ಗುಣಿಸು 8 ಅಂದರೆ 2000. ಉತ್ತರ 0.9. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ನಿರಾಳ. 65 ದಾಟಿದವರಿಗೆ ಈ ಗೆರೆ 2 ಅಂತ ಲೆಕ್ಕ. 2.67 ದಾಟಿದರೆ ನನ್ನ ಈ ಬರಹ ಪಕ್ಕಕ್ಕಿಟ್ಟು ಲಿವರ್ ಡಾಕ್ಟರನ್ನು ನೋಡಿ. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಬೇಕಾ ಅಂತ ಡಾಕ್ಟರನ್ನು ಕೇಳಿ. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ಅಷ್ಟು ಸರಿಯಾಗಿ ಕೂರುವುದಿಲ್ಲ.

ಹಾಗೆಯೇ ರಿಪೋರ್ಟ್‌ನಲ್ಲಿ ಮೊದಲಿನ ಎನ್‌ಎಎಫ್‌ಎಲ್‌ಡಿ ಬದಲು ಎಂಎಎಸ್‌ಎಲ್‌ಡಿ ಅಂತ ಇದ್ದರೆ ಹೊಸ ಕಾಯಿಲೆ ಬಂತು ಅಂತ ಗಾಬರಿಯಾಗಬೇಡಿ. ಎರಡೂ ಫ್ಯಾಟಿ ಲಿವರ್‌ಗೆ ಡಾಕ್ಟರುಗಳು ಇಟ್ಟ ಹೆಸರೇ. 2023ರಲ್ಲಿ ಹೆಸರು ಬದಲಾಯಿತು, ಅಷ್ಟೇ.

ಕುರ್ಚಿ, ಗೋಡೆ, ಬಾಟಲಿ, ಬೇಳೆ ಪ್ಯಾಕೆಟ್

ಇಲ್ಲಿನ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಸುತ್ತು ಹಾಕುವವರಿಗೆ ಕೊರತೆ ಇಲ್ಲ. ವಾಕಿಂಗ್ ಒಳ್ಳೆಯದೇ, ಬಿಡಬೇಡಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಾಲಿನ ಮುಂದಿನ ಮಾತನ್ನು ಯಾರೂ ಓದುವುದಿಲ್ಲ: ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಬೇಕು. ಮಾತಾಡುತ್ತಾ ಸಮತಟ್ಟು ದಾರಿಯಲ್ಲಿ ನಡೆದರೆ ತೊಡೆ ಬೆಳೆಯುವುದಿಲ್ಲ. ಹೊರೆ ಬಿದ್ದರೆ ಮಾತ್ರ ಸ್ನಾಯು ಬೆಳೆಯುತ್ತದೆ.

ಈ ಹೊರೆ ಲಿವರ್‌ಗೂ ಒಳ್ಳೆಯದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಫ್ಯಾಟಿ ಲಿವರ್ ಇರುವವರಿಗೆ 8 ವಾರ ಬರೀ ಭಾರ ಎತ್ತುವ ವ್ಯಾಯಾಮ ಮಾಡಿಸಿ 2011ರಲ್ಲಿ ವರದಿ ಮಾಡಿದರು. ತೂಕ ಇಳಿಯಲಿಲ್ಲ. ಲಿವರ್‌ನಲ್ಲಿದ್ದ ಕೊಬ್ಬು ಮಾತ್ರ ಮೊದಲಿಗಿಂತ ಸುಮಾರು ಶೇಕಡ 13 ಕಡಿಮೆಯಾಗಿತ್ತು. ಅದು ಸಣ್ಣ ಅಧ್ಯಯನ, ಪವಾಡವೇನೂ ಅಲ್ಲ. ಆದರೆ 'ತೂಕ ಇಳಿದಿಲ್ಲ, ಎಲ್ಲ ವೇಸ್ಟ್' ಅಂತ ಬಿಟ್ಟುಬಿಡುವವರಿಗೆ ನಾನು ಇದನ್ನೇ ಹೇಳುವುದು.

ಮನೆಯಲ್ಲೇ ಮಾಡುವ ಕ್ರಮ ಹೀಗೆ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಸೋಮ, ಬುಧ, ಶುಕ್ರ ಇಟ್ಟುಕೊಂಡರೆ ಮರೆಯುವುದಿಲ್ಲ.

ಕುರ್ಚಿಯಿಂದ ಏಳುವುದು ಮೊದಲನೆಯದು. ಪರೀಕ್ಷೆಗೆ ಮಾಡಿದ್ದೇ, ಆದರೆ ಈಗ ನಿಧಾನ. ಉಸಿರು ಬಿಡುತ್ತಾ ಏಳಿ. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸಿ, ದೊಪ್ಪನೆ ಬೀಳಬೇಡಿ. ಮಂಡಿ ನೋವು ಇದ್ದರೆ ಕುರ್ಚಿಯ ಮೇಲೆ ಮಡಿಸಿದ ಜಮಖಾನ ಹಾಕಿ ಎತ್ತರ ಮಾಡಿಕೊಳ್ಳಿ. ಎಂಟರಿಂದ ಹನ್ನೆರಡು ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ ಎರಡು ಮೂರು ಸುತ್ತು. ಕೊನೆಯ ಎರಡು ಸಲ ಏಳುವಾಗ ತೊಡೆ 'ಸಾಕಪ್ಪಾ' ಅನ್ನಬೇಕು. ಹನ್ನೆರಡು ಆರಾಮಾಗಿ ಆದರೆ ಅದು ವ್ಯಾಯಾಮವಲ್ಲ, ಕಾಲಕ್ಷೇಪ.

ಆರಾಮಾಗಿ ಆಗುವ ದಿನ ಬಂದಾಗ ಬೇಳೆ ಪ್ಯಾಕೆಟ್ ತೆಗೆಯಿರಿ. ಮಗುವಿನ ಹಳೆಯ ಸ್ಕೂಲ್ ಬ್ಯಾಗಿಗೆ ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ಹಾಕಿ, ಎದೆಗೆ ಅಪ್ಪಿಕೊಂಡು ಅದೇ ಕುರ್ಚಿಯಿಂದ ಏಳಿ. ಒಂದೆರಡು ವಾರಕ್ಕೆ ಇನ್ನೊಂದು ಪ್ಯಾಕೆಟ್. ನನ್ನ ಹತ್ತಿರ ಬರುವ ಒಬ್ಬ ನಿವೃತ್ತ ಮೇಷ್ಟ್ರು ಆ ಬ್ಯಾಗಿಗೆ 'ದಿನಸಿ ಜಿಮ್' ಅಂತ ಹೆಸರಿಟ್ಟಿದ್ದಾರೆ. ಅವರ ಮನೆಯವರು ಸಾರಿಗೆ ಬೇಳೆ ಬೇಕಾದಾಗ ಆ ಬ್ಯಾಗಿಗೇ ಕೈ ಹಾಕುತ್ತಾರಂತೆ!

ಎರಡನೆಯದು ಗೋಡೆ ತಳ್ಳುವುದು. ಒಂದು ತೋಳಿನಷ್ಟು ದೂರ ನಿಂತು, ಅಂಗೈ ಗೋಡೆಗೆ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ವಾಪಸ್ ತಳ್ಳಿ. ಸುಲಭವಾದರೆ ಗೋಡೆಯಿಂದ ಅಡುಗೆ ಕಟ್ಟೆಗೆ, ಅಲ್ಲಿಂದ ಅಲುಗದ ಮಂಚಕ್ಕೆ ಇಳಿಯಿರಿ. ಕೈ ಊರುವ ಜಾಗ ತಗ್ಗಾದಷ್ಟೂ ಕಷ್ಟ ಜಾಸ್ತಿ. ಮೂರನೆಯದು ಎಳೆಯುವ ಕೆಲಸ. ನೀರು ತುಂಬಿದ ಎರಡು ಲೀಟರ್ ಬಾಟಲಿ ಒಂದು ಕೈಯಲ್ಲಿ, ಇನ್ನೊಂದು ಕೈ ಟೇಬಲ್ ಮೇಲೆ. ಸ್ವಲ್ಪ ಬಗ್ಗಿ, ಮೊಣಕೈ ಬೆನ್ನಿನ ಕಡೆ ಹೋಗುವಂತೆ ಬಾಟಲಿಯನ್ನು ಸೊಂಟದ ತನಕ ಎಳೆಯಿರಿ. ನಾಲ್ಕನೆಯದು ಅಂಗಾತ ಮಲಗಿ, ಮಂಡಿ ಮಡಿಸಿ, ಪಿರ್ರೆ ಬಿಗಿ ಹಿಡಿದು ಸೊಂಟ ಎತ್ತುವುದು. ಐದನೆಯದು ಗೋಡೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಲ್ಲುವುದು. ಎಲ್ಲಕ್ಕೂ ಅದೇ ನಿಯಮ: ಎಂಟರಿಂದ ಹನ್ನೆರಡು, ಕೊನೆಯ ಎರಡು ಕಷ್ಟವಾಗಬೇಕು, ಉಸಿರು ಕಟ್ಟಬಾರದು.

ಹೆಂಗಸರು ಒಂದು ಮಾತು ಹೇಳುತ್ತಾರೆ. 'ಬೆಳಗ್ಗೆಯಿಂದ ರಾತ್ರಿ ತನಕ ಮನೆಕೆಲಸ ಮಾಡ್ತೀನಿ, ಇನ್ನೇನು ವ್ಯಾಯಾಮ?' ಅವರ ಸುಸ್ತು ಸುಳ್ಳಲ್ಲ. ಆದರೆ ಮನೆಕೆಲಸದಲ್ಲಿ ನಿಲ್ಲುವುದು ಜಾಸ್ತಿ, ಹೊರೆ ಕಡಿಮೆ. ರುಬ್ಬುವ ಕಲ್ಲು ಹೋಗಿ ಮಿಕ್ಸಿ ಬಂತು, ಬಾವಿ ಹೋಗಿ ನಲ್ಲಿ ಬಂತು. ಅವು ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ, ನಮ್ಮಮ್ಮ ಕೇಳಿದರೆ ಬೈಯುತ್ತಾರೆ. ಅವು ಕೊಡುತ್ತಿದ್ದ ಹೊರೆಯನ್ನು ವಾರಕ್ಕೆ ಮೂರು ದಿನ ಇಪ್ಪತ್ತೈದು ನಿಮಿಷ ಬೇರೆ ದಾರಿಯಲ್ಲಿ ಕೊಡಿ, ಅಷ್ಟೇ. ಹೊಲದವರಿಗೂ ಇದೇ ಮಾತು. ಟಿಲ್ಲರ್, ಬೈಕ್ ಬಂದ ಮೇಲೆ ರೈತರೂ ಫ್ಯಾಟಿ ಲಿವರ್ ರಿಪೋರ್ಟ್ ಹಿಡಿದು ಬರುತ್ತಿದ್ದಾರೆ.

ಯೋಗ ಮಾಡುವವರು ಬಿಡಬೇಕಿಲ್ಲ. ಉತ್ಕಟಾಸನ, ವೀರಭದ್ರಾಸನ, ಸೇತುಬಂಧಾಸನಗಳನ್ನು ಹೆಚ್ಚು ಹೊತ್ತು ಹಿಡಿದರೆ ಕಾಲಿಗೆ ಹೊರೆ ಬೀಳುತ್ತದೆ. ಬರೀ ಪ್ರಾಣಾಯಾಮದಿಂದ ತೊಡೆಗೆ ಬಲ ಬರುವುದಿಲ್ಲ.

ಮೊದಲ ಕೆಲವು ವಾರ ಬಲ ಹೆಚ್ಚುತ್ತದೆ, ಗಾತ್ರ ಹೆಚ್ಚುವುದಿಲ್ಲ. ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳುವುದನ್ನು ಕಲಿಯುವ ಕಾಲ ಅದು. ಟೇಪ್‌ನಲ್ಲಿ ವ್ಯತ್ಯಾಸ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಮಾರನೆಯ ದಿನ ಮೈಕೈ ನೋವು ಬಂದರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಎದೆ ಹಿಡಿದ ಹಾಗೆ ಆಗುವುದು, ತಲೆ ಸುತ್ತುವುದು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು.

ತಟ್ಟೆಯ ಲೆಕ್ಕ

ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಅನ್ನುತ್ತದೆ. 60 ಕೆಜಿಯವರಿಗೆ ಸುಮಾರು 50 ಗ್ರಾಂ. ವಯಸ್ಸಾದವರಿಗೆ, ಸ್ನಾಯು ಕಡಿಮೆ ಇರುವವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ವೃದ್ಧರ ಪೋಷಣೆಯ ತಜ್ಞರ ಸಲಹೆ. ಅಂದರೆ 60ರಿಂದ 72 ಗ್ರಾಂ.

ಈಗ ನಮ್ಮ ಮಾಮೂಲಿ ತಟ್ಟೆ ನೋಡೋಣ. ಬೆಳಗ್ಗೆ ಮೂರು ಇಡ್ಲಿ, ತೆಳ್ಳಗಿನ ಸಾಂಬಾರು: 8 ಗ್ರಾಂ. ದಿನದ ಎರಡು ಕಾಫಿ, ಟೀಯ ಹಾಲು: 6. ಮಧ್ಯಾಹ್ನ ನೂರು ಗ್ರಾಂ ಅಕ್ಕಿಯ ಅನ್ನ, ಸಾರು, ಪಲ್ಯ, ಮಜ್ಜಿಗೆ: 15. ರಾತ್ರಿ ಸ್ವಲ್ಪ ಅನ್ನ, ಸಾರು, ಮೊಸರು: 12. ಎಲ್ಲ ಸೇರಿ 40ರ ಆಸುಪಾಸು. ಫ್ಯಾಟಿ ಲಿವರ್ ಅಂತ ರಾತ್ರಿ ಊಟ ಬಿಟ್ಟರೆ 30 ಕೂಡ ಇಲ್ಲ. ಮೆಟ್ಟಿಲು ಹತ್ತುವಾಗ ತೊಡೆ ಸೋಲದೆ ಇನ್ನೇನು?

ಬದಲಾವಣೆ ದೊಡ್ಡದೇನೂ ಬೇಡ. ಬೆಳಗಿನ ತಿಂಡಿ ನಮ್ಮಲ್ಲಿ ಎಲ್ಲಕ್ಕಿಂತ ಬಡವ, ಅಲ್ಲಿಂದ ಶುರು ಮಾಡಿ. ಉಪ್ಪಿಟ್ಟಿನ ಜೊತೆ ಎರಡು ಮೊಟ್ಟೆ ಸೇರಿದರೆ 12 ಗ್ರಾಂ ಬಂತು. ಮೊಟ್ಟೆ ತಿನ್ನದವರು ಹೆಸರುಬೇಳೆ ಕೋಸಂಬರಿ ಮಾಡಿಕೊಳ್ಳಿ. 30 ಗ್ರಾಂ ಬೇಳೆಯಲ್ಲಿ 7 ಗ್ರಾಂ. ಅಕ್ಕಿ ದೋಸೆ ಬದಲು ಹೆಸರುಕಾಳಿನ ದೋಸೆ ಹಾಕಿ. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 30 ಗ್ರಾಂ, 7 ಗ್ರಾಂ ಕೊಡುತ್ತದೆ. ಹುರಿದದ್ದು ಅಥವಾ ಬೇಯಿಸಿದ್ದು ಸಾಕು, ಎಣ್ಣೆಯಲ್ಲಿ ಕರಿದದ್ದು ಬೇಡ. ಒಣಗಿದ ಸೋಯಾ ಉಂಡೆ 25 ಗ್ರಾಂ ನೆನೆಸಿ ಪಲ್ಯಕ್ಕೆ ಹಾಕಿದರೆ 13 ಗ್ರಾಂ. ಪನೀರ್ 50 ಗ್ರಾಂಗೆ 9. ಮೀನು ಅಥವಾ ಕೋಳಿ ನೂರು ಗ್ರಾಂಗೆ 20ರ ಆಸುಪಾಸು, ಎಣ್ಣೆಯಲ್ಲಿ ಮುಳುಗಿಸದಿದ್ದರೆ ಆಯಿತು.

ನಮ್ಮ ಕಡೆಯ ಊಟದಲ್ಲಿ ಒಂದು ಚಿನ್ನದಂಥ ಅಡುಗೆ ಇದೆ, ಬಸ್ಸಾರು. ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ಕಟ್ಟು ಬಸಿದು ಸಾರು, ಕಾಳಿನಲ್ಲಿ ಪಲ್ಯ. ತೊಂದರೆ ಏನೆಂದರೆ ದೊಡ್ಡ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ಉಪ್ಪಿನಕಾಯಿಯ ಹಾಗೆ ಒಂದು ಚಮಚ ಹಾಕಿಸಿಕೊಳ್ಳುತ್ತೇವೆ. ಪ್ರೋಟೀನ್ ಬಹುಪಾಲು ಆ ಕಾಳಿನಲ್ಲಿದೆ. ಮುದ್ದೆ ಅರ್ಧ ಮಾಡಿ, ಕಾಳಿನ ಪಲ್ಯ ಒಂದು ಬಟ್ಟಲು ತುಂಬ ಹಾಕಿಸಿಕೊಳ್ಳಿ. ಅವರೆಕಾಯಿ ಕಾಲದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವುದಿಲ್ಲ, ಅವರೇ ಸರಿಯಾಗಿ ತಿನ್ನುತ್ತಾರೆ. ಬೇಳೆ ಸಾರಿನಲ್ಲೂ ಅದೇ ಮಾತು. ತಿಳಿ ಸೌಟು ಬೇಡ, ತಳ ಸೇರಿಸಿ ಕಲಕಿ ಬಡಿಸಿಕೊಳ್ಳಿ.

ಕಡಿಮೆ ಮಾಡಬೇಕಾದದ್ದು ಸಕ್ಕರೆ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ 40 ಗ್ರಾಂ ಸಕ್ಕರೆ. ಬೆಲ್ಲ ಹಾಕಿದರೂ ಲಿವರ್‌ಗೆ ಹೆಚ್ಚುಕಡಿಮೆ ಒಂದೇ, 'ಆರ್ಗಾನಿಕ್ ಬೆಲ್ಲ ಸಾರ್' ಅಂದರೂ ಅಷ್ಟೇ. ಕಬ್ಬಿನ ಹಾಲು, ಬಾಟಲಿ ಪಾನೀಯ, ಹಣ್ಣಿನ ಜ್ಯೂಸ್ ನಿಲ್ಲಿಸಿ. ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಬೇಕರಿಯ ಪಫ್ಸ್, ಖಾರಾ ಬಿಸ್ಕತ್ತಿಗೆ ಬಿಡುವು ಕೊಡಿ. ಸಕ್ಕರೆ ಹಾಕದ ಫಿಲ್ಟರ್ ಕಾಫಿಗೆ ನನ್ನ ತಕರಾರಿಲ್ಲ, ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತಲೇ ಅಧ್ಯಯನಗಳು ತೋರಿಸಿವೆ. ಹಾಸನದವನಾಗಿ ಆಲೂಗಡ್ಡೆಗೆ ಬೈಯಲು ನನಗೆ ಮನಸ್ಸಿಲ್ಲ. ಬೇಯಿಸಿ, ಅನ್ನದ ಬದಲು ತಿನ್ನಿ. ಅನ್ನದ ಜೊತೆಗೆ ಅಲ್ಲ, ಚಿಪ್ಸ್ ಆಗಿಯಂತೂ ಅಲ್ಲವೇ ಅಲ್ಲ. ಮದ್ಯ ಸ್ವಲ್ಪವೂ ಬೇಡ. ಅದು ಲಿವರ್ ಜೊತೆಗೆ ಸ್ನಾಯುವನ್ನೂ ತಿನ್ನುತ್ತದೆ.

ತೂಕ ಇಳಿಸಬೇಕಾದವರಿಗೆ ಗುರಿ ಇರಲಿ. ಮೈತೂಕದ ಶೇಕಡ 5 ಇಳಿದರೆ ಲಿವರ್ ಕೊಬ್ಬು ಕರಗಲು ಶುರು. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 10 ದಾಟಿದರೆ ಗಟ್ಟಿಯಾದದ್ದೂ ಹಿಂದಕ್ಕೆ ಬರುವ ಸಾಧ್ಯತೆ ಹೆಚ್ಚು. 80 ಕೆಜಿ ಇದ್ದವರಿಗೆ ಮೊದಲ ಗುರಿ 4 ಕೆಜಿ. ಸಣ್ಣಗಿದ್ದೂ ಫ್ಯಾಟಿ ಲಿವರ್ ಬಂದವರಿಗೆ ಶೇಕಡ 3ರಿಂದ 5 ಸಾಕು. ವಾರಕ್ಕೆ ಅರ್ಧ ಕೆಜಿ ಇಳಿದರೆ ಬೇಕಾದಷ್ಟಾಯಿತು. ವ್ಯಾಯಾಮ ಇಲ್ಲದೆ ಬರೀ ಊಟ ಬಿಟ್ಟು ಇಳಿಸಿದರೆ ಹೋದ ತೂಕದಲ್ಲಿ ಕಾಲು ಭಾಗ ಕೊಬ್ಬಲ್ಲದ ಮೈಯೇ ಆಗಿರಬಹುದು, ಅದರಲ್ಲಿ ಸ್ನಾಯುವೂ ಸೇರಿದೆ. ಮತ್ತೆ ತೂಕ ಏರುವಾಗ ಬರುವುದು ಮಾತ್ರ ಹೆಚ್ಚಾಗಿ ಕೊಬ್ಬು. ಎರಡು ಮೂರು ಸಲ ಹೀಗೆ ಇಳಿಸಿ ಏರಿಸಿದವರ ಕೈಕಾಲು ನೋಡಿದರೆ ನನಗೆ ಬೇಜಾರಾಗುತ್ತದೆ.

ಹೊಸದಾಗಿ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳಿಗೂ ಇದೇ ಮಾತು. ಹಸಿವೇ ಆಗದ ಕಾರಣ ಪ್ರೋಟೀನ್ ಮೊದಲು ತಪ್ಪಿಹೋಗುತ್ತದೆ. ಡಾಕ್ಟರ್ ಬರೆದುಕೊಟ್ಟಿದ್ದರೆ ತಗೊಳ್ಳಿ. ಆದರೆ ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಮೊಸರು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕಿ. ಕುರ್ಚಿಯ ವ್ಯಾಯಾಮ ತಪ್ಪಿಸಬೇಡಿ.

ಈ ದಾರಿ ಎಲ್ಲರಿಗೂ ಅಲ್ಲ

ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಇಲ್ಲಿ ಒಂದು ವಿಷಯ ನೆನಪಿರಲಿ. ಕಿಡ್ನಿ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಬರುವುದೇ ಸ್ನಾಯುವಿನಿಂದ. ಸ್ನಾಯು ಕಡಿಮೆ ಇದ್ದವರಲ್ಲಿ ಆ ಅಂಕಿ ಚೆನ್ನಾಗಿಯೇ ಕಂಡು ಕಿಡ್ನಿಯ ತೊಂದರೆ ಮರೆಯಾಗಬಹುದು.

ಸಿರೋಸಿಸ್ ಆದವರ ಕಥೆ ಬೇರೆ. ಅವರು ಉಪವಾಸ ಮಾಡಬಾರದು. ರಾತ್ರಿಯಿಡೀ ಹೊಟ್ಟೆ ಖಾಲಿ ಇದ್ದರೆ ದೇಹ ಸ್ನಾಯುವನ್ನು ಒಡೆದು ತಿನ್ನುತ್ತದೆ. ಅದಕ್ಕೇ ಮಲಗುವ ಮೊದಲು ಏನಾದರೂ ತಿನ್ನಿ ಅಂತ ಲಿವರ್ ಡಾಕ್ಟರುಗಳು ಹೇಳುತ್ತಾರೆ. 'ಲಿವರ್ ಕಾಯಿಲೆಗೆ ಪ್ರೋಟೀನ್ ವಿಷ' ಅನ್ನುವುದು ಹಳೆಯ ಮಾತು. ಈಗ ಅವರಿಗೆ ಕೆಜಿಗೆ 1.2ರಿಂದ 1.5 ಗ್ರಾಂ ಸಲಹೆ ಇದೆ, ಡಾಕ್ಟರ್ ಕಣ್ಗಾವಲಿನಲ್ಲಿ. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ಕಪ್ಪು ಮಲ, ರಕ್ತ ವಾಂತಿ, ಮಾತು ತಡವರಿಸುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಏನೂ ಮಾಡದೆ ತೂಕ ಇಳಿಯುತ್ತಿದ್ದರೂ ತೋರಿಸಿ.

ಕುರ್ಚಿಯಿಂದ ಏಳುವುದು ದಿಢೀರನೆ ಕಷ್ಟವಾದವರು ಥೈರಾಯ್ಡ್, ವಿಟಮಿನ್ ಡಿ ಎರಡನ್ನೂ ನೋಡಿಸಿ. ಥೈರಾಯ್ಡ್ ಕಡಿಮೆಯಾದರೆ ಸ್ನಾಯುವೂ ಸೋಲುತ್ತದೆ, ಲಿವರ್‌ನಲ್ಲಿ ಕೊಬ್ಬೂ ಕೂರುತ್ತದೆ. ಲಿವರ್ ತೊಳೆಯುತ್ತೇವೆ ಅನ್ನುವ ಪುಡಿ, ಕಷಾಯಗಳಿಂದ ದೂರ ಇರಿ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಏಟು ತಿಂದದ್ದನ್ನು ಮುಂಬೈನ ಡಾಕ್ಟರುಗಳು ವರದಿ ಮಾಡಿದ್ದಾರೆ. ಜಿಮ್‌ನವರು ಕೊಡುವ ಹೆಸರಿಲ್ಲದ ಡಬ್ಬಿಗಳಿಗೂ ಇದೇ ಮಾತು.

ಮತ್ತೆ ಯಾವಾಗ ನೋಡಬೇಕು?

ಹೊಟ್ಟೆ, ಮೀನಖಂಡ, ಕುರ್ಚಿಯ ಸೆಕೆಂಡ್: ಈ ಮೂರನ್ನು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಾಳೆಯ ಮೇಲೇ ಬರೆಯಿರಿ. ಹೊಟ್ಟೆ ಇಳಿದು ಮೀನಖಂಡ ನಿಂತಿದ್ದರೆ, ಸೆಕೆಂಡ್ ಕಡಿಮೆಯಾಗುತ್ತಿದ್ದರೆ, ತೂಕ ಎಷ್ಟೇ ತೋರಿಸಲಿ ನೀವು ಸರಿದಾರಿಯಲ್ಲಿದ್ದೀರಿ. ಮೂರೂ ಒಟ್ಟಿಗೆ ಇಳಿದರೆ ಅವಸರ ಜಾಸ್ತಿಯಾಯಿತು. ಆಗ ಊಟ ಹೆಚ್ಚಿಸಿ, ವ್ಯಾಯಾಮ ಬಿಡಬೇಡಿ. ಆದರೆ ಮೀನಖಂಡ ಇಳಿದು ಸೆಕೆಂಡ್ ಏರುತ್ತಿದ್ದರೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ.

ರಕ್ತ ಪರೀಕ್ಷೆಯನ್ನು ಮೂರರಿಂದ ಆರು ತಿಂಗಳಿಗೆ, ಡಾಕ್ಟರ್ ಹೇಳಿದ ಹಾಗೆ ಮಾಡಿಸಿ. ಹೋಗುವ ಮುಂಚಿನ ಒಂದು ವಾರ ಹೊಸ ಭಾರ ಸೇರಿಸಬೇಡಿ, ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿಯುವ ಕಾರ್ಯಕ್ರಮವನ್ನೂ ಮುಂದಕ್ಕೆ ಹಾಕಿ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸ್ನಾಯುವಿನಲ್ಲೂ ಇರುತ್ತವೆ. ಅಭ್ಯಾಸವಿಲ್ಲದ ಕಠಿಣ ವ್ಯಾಯಾಮ ಆದ ಮೇಲೆ ಒಂದು ವಾರದ ತನಕ ಈ ಅಂಕಿಗಳು ಏರಿರಬಹುದು, ಲಿವರ್ ಕೆಟ್ಟಿತು ಅಂತ ಕಾಣಬಹುದು. ಏರಿದ್ದೇ ಆದರೆ ವ್ಯಾಯಾಮ ಶುರು ಮಾಡಿರುವುದನ್ನು ಡಾಕ್ಟರಿಗೆ ಹೇಳಿ. ಸಿಪಿಕೆ ಪರೀಕ್ಷೆ ಮಾಡಿಸಿದರೆ ಅದು ಸ್ನಾಯುವಿನಿಂದ ಬಂದದ್ದಾ ಅಂತ ಅವರಿಗೆ ತಿಳಿಯುತ್ತದೆ.